ತಮ್ಮನ ಬದಲಿಗೆ ನಾನಿಟ್ಟ ತಪ್ಪುಕಾಣಿಕೆ

ವಾರಿಜ, ದೈವದ ಮುಂದೆ ಆ ತಪ್ಪುಕಾಣಿಕೆ ಇಟ್ಟದ್ದು ನಿನ್ನ ಗಂಡನಲ್ಲ. ನಾನು.

ಬರೆದೆ. ಹದಿಮೂರು ವರ್ಷ ಬಚ್ಚಿಟ್ಟಿದ್ದ ಮಾತು ಒಂದೂವರೆ ಸಾಲಿನಲ್ಲಿ ಮುಗಿದುಹೋಯಿತು. ಬರೆದ ಕೂಡಲೇ ಬಾಗಿಲಿನ ಕಡೆ ನೋಡಿದೆ – ಯಾರಾದರೂ ಬಂದರೋ ಎಂದು. ಯಾರೂ ಇಲ್ಲ. ತಮ್ಮ ಜಯರಾಮ ಒಳಗೆ ಮಂಚದ ಮೇಲಿದ್ದಾನೆ. ಪಾರ್ಶ್ವವಾಯು ಬಡಿದು ನಾಲ್ಕು ತಿಂಗಳಿಂದ ಅವನ ಬಲಭಾಗ ಬಿದ್ದುಹೋಗಿದೆ, ಎದ್ದು ಬರುವ ಶಕ್ತಿ ಇಲ್ಲ. ಅದು ಗೊತ್ತಿದ್ದೂ ನಾನು ಬಾಗಿಲು ನೋಡುತ್ತೇನೆ. ಬೇರೆ ಯಾರಿಗೆ ಆಗದಿದ್ದರೂ ನಿನಗೆ ಇದು ಅರ್ಥವಾದೀತು.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ಯಾಕೆಂದರೆ ಇದನ್ನು ನಿನ್ನ ಮಗಳು ಶೈಲ ಓದಬೇಕು. ಪಿಯುಸಿಗೆ ಹೋಗುತ್ತಾಳಂತೆ, ಓದಿ ಅರ್ಥ ಮಾಡಿಕೊಳ್ಳುವ ವಯಸ್ಸು. ಅವಳ ಅತ್ತೆ ಎಂಥವಳು ಎಂದು ಅವಳಿಗೆ ಗೊತ್ತಿರಲಿ. ಆಲೆಟ್ಟಿಯಲ್ಲಿರುವ ನಿನ್ನ ಅಮ್ಮನೂ ಯಾರಿಂದಲಾದರೂ ಓದಿಸಿ ಕೇಳಬೇಕು. ಅವರು ಮಗಳನ್ನು ಹೊಸ್ತಿಲು ಹತ್ತಿಸದೆ ಇಷ್ಟು ವರ್ಷ ಕಳೆದದ್ದು ನನ್ನ ಒಂದು ಮಾತಿನಿಂದ.

ಅಪ್ಪ ಸತ್ತ ಮೇಲೆ ಅಮ್ಮ ನಮ್ಮಿಬ್ಬರನ್ನು ಕರೆದುಕೊಂಡು ಪಂಜದ ತವರಿಗೆ ಬಂದರು. ಆಗ ನನಗೆ ಹತ್ತು ವರ್ಷ, ತಮ್ಮ ಜಯರಾಮನಿಗೆ ಆರು. ಮನೆಯ ಯಜಮಾನಿಕೆ ಅಮ್ಮನ ಅಣ್ಣನದು, ಅಂದರೆ ನಮ್ಮ ಸೋದರಮಾವನದು. ಊರಿನಲ್ಲಿ ಮಾವನಿಗೆ ಬಹಳ ಒಳ್ಳೆಯ ಹೆಸರಿತ್ತು. ನ್ಯಾಯ ಪಂಚಾತಿಕೆಗೆ ಅವರನ್ನೇ ಕರೆಯುತ್ತಿದ್ದರು. ಮನೆಯೊಳಗೆ – ಮನೆಯೊಳಗೆ ಒಂದು ಪತ್ತಾಯ ಇತ್ತು. ಭತ್ತ ತುಂಬಿಡುವ ಮರದ ದೊಡ್ಡ ಪೆಟ್ಟಿಗೆ. ಹಲಸಿನ ಹಲಗೆಯದ್ದು, ಮುಚ್ಚಳ ಎತ್ತಲು ಗಂಡಸೇ ಬೇಕು. ಹೊಸ ಭತ್ತ ಬರುವ ಮೊದಲಿನ ಒಂದೆರಡು ತಿಂಗಳು ಅದು ಖಾಲಿ ಇರುತ್ತಿತ್ತು.

ಕರು ಬಿಚ್ಚಿಕೊಂಡು ಹೋಯಿತು, ಮಗ್ಗಿ ತಪ್ಪಿತು, ಕರೆದಾಗ ಓಗೊಡಲಿಲ್ಲ – ಕಾರಣ ಏನಾದರೂ ಆಗುತ್ತಿತ್ತು. ಮಾವ ಹುಡುಗನನ್ನು ರಟ್ಟೆ ಹಿಡಿದು ಎತ್ತಿ ಪತ್ತಾಯದೊಳಗೆ ಹಾಕಿ, ಮುಚ್ಚಳ ಎಳೆದು, ಅದರ ಮೇಲೆ ಕೂತು ವೀಳ್ಯ ಹಾಕುತ್ತಿದ್ದರು. ಒಳಗಿನಿಂದ ಬಡಿಯುವ ಸದ್ದು ಬರುತ್ತಿತ್ತು. ಮೊದಲು ಜೋರಾಗಿ, ಆಮೇಲೆ ಬಿಟ್ಟು ಬಿಟ್ಟು. ಆಮೇಲೆ ಇಲ್ಲ. ಅಮ್ಮ ದನದ ಹಟ್ಟಿಗೆ ಹೋಗಿ ನಿಲ್ಲುತ್ತಿದ್ದರು. ನಾನು ಅಡುಗೆ ಮನೆಯಲ್ಲಿ ಕಡೆಯುವ ಕಲ್ಲನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತಿದ್ದೆ, ಕಲ್ಲಿನ ಸದ್ದಿನಲ್ಲಿ ಆ ಸದ್ದು ಮುಚ್ಚಿಹೋಗಲಿ ಎಂದು. ಅಕ್ಕಿ ನುಣ್ಣಗಾಗಿದ್ದರೂ ತಿರುಗಿಸುತ್ತಲೇ ಇರುತ್ತಿದ್ದೆ.

ಹೊರಗೆ ಬಂದವನ ತಲೆಗೂದಲಿನಲ್ಲಿ ಸಿಕ್ಕಿಕೊಂಡ ಭತ್ತದ ಹೊಟ್ಟನ್ನು ನಾನೇ ಹೆಕ್ಕುತ್ತಿದ್ದೆ. ಅವನು ಅಳುತ್ತಿರಲಿಲ್ಲ. ಒಮ್ಮೆ ಹೇಳಿದ್ದ – "ಅಕ್ಕ, ಅದರ ಒಳಗೆ ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ." ಆರೇಳು ವರ್ಷದ ಮಗು ಆಡುವ ಮಾತೇ ಅದು? ಈಗ ಬರೆಯುವಾಗಲೂ ನನಗೆ ಅಳು ಬರುತ್ತದೆ. ಆ ಮಗುವಿಗಾಗಿ ನಾನು ಸಾಯುವವರೆಗೂ ಅಳುತ್ತೇನೆ, ಅದಕ್ಕೆ ನಿನ್ನ ಅಪ್ಪಣೆ ಬೇಡ.

ಮಾವನಿಗೆ ಮಕ್ಕಳಿರಲಿಲ್ಲ. ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಕಟ್ಟಿನ ಮನೆ, ಅವರ ಕಾಲದ ನಂತರ ಎಲ್ಲ ಜಯರಾಮನಿಗೇ ಬಂತು. ಅವನು ರಸ್ತೆ ಬದಿಯಲ್ಲಿ ಅಕ್ಕಿ ಮಿಲ್ಲು ಹಾಕಿದ. ನನ್ನನ್ನು ಅಜ್ಜಾವರಕ್ಕೆ ಕೊಟ್ಟಿದ್ದರು. ಗಂಡ ಕಾಮಾಲೆಯಲ್ಲಿ ತೀರಿಕೊಂಡಾಗ ತಮ್ಮನೇ ಬಂದು, "ಬಾ ಅಕ್ಕ, ನಾನಿಲ್ವಾ?" ಎಂದು ಟ್ರಂಕು ಹೊತ್ತು ಕರೆದುಕೊಂಡು ಬಂದ. ಅದೂ ಸತ್ಯ. ಅವನು ನಗಿಸುತ್ತಿದ್ದದ್ದೂ ಸತ್ಯ. ಮಿಲ್ಲಿಗೆ ಬಂದವರು, "ಎಂತ ಮಾರಾಯ್ರೆ, ಅಕ್ಕಿಗಿಂತ ತವುಡೇ ಜಾಸ್ತಿ ಉಂಟಲ್ಲ?" ಎಂದರೆ, "ನಿಮ್ಮ ಭತ್ತ ನಿಮ್ಮ ಹಾಗೇ, ಹೊರಗಿಂದ ನೋಡ್ಲಿಕ್ಕೆ ಮಾತ್ರ ದಪ್ಪ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನೀನೂ ಮದುವೆಯಾದ ಹೊಸತರಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆ, ನಾನು ನೋಡಿದ್ದೇನೆ.

ನಗು ನಿಂತದ್ದು ಯಾವಾಗ ಎಂದು ನನಗಿಂತ ನಿನಗೆ ಗೊತ್ತು. ಮೊದಲು ಬರೇ ಮಾತು, ಆಮೇಲೆ ತಟ್ಟೆ ಬಿಸಾಡುವುದು, ಆಮೇಲೆ ಕೈ. ನಿನ್ನ ಕುತ್ತಿಗೆಯ ಮೇಲೆ ಬೆರಳಿನ ಗುರುತು ಕಂಡ ದಿನ ನಾನು ಎಂತ ಹೇಳಿದೆ, ನೆನಪುಂಟಾ? "ಅವ ಮನಸ್ಸಿನಲ್ಲಿ ಒಳ್ಳೆಯವ, ವಾರಿಜ. ಸ್ವಲ್ಪ ಸುಧಾರಿಸಿಕೋ." ಹೇಳಿ ಕೊಬ್ಬರಿ ಎಣ್ಣೆ ಹಚ್ಚಿದೆ. ಎಣ್ಣೆ ಹಚ್ಚುವುದರಲ್ಲಿ ನಾನು ಮೊದಲಿನಿಂದಲೂ ಹುಷಾರಿ.

ಎಮರ್ಜೆನ್ಸಿ ಬಂದ ವರ್ಷ ಅವನು ಮಿಲ್ಲಿನ ಹಳೆಯ ಬೆಲ್ಟಿನ ತುಂಡು ತೆಗೆದುಕೊಂಡು ನಿನ್ನ ಬೆನ್ನಿಗೆ ಹೊಡೆದ. ಮರುದಿನ ನೀನು ಮೂರು ವರ್ಷದ ಶೈಲನನ್ನು ಎತ್ತಿಕೊಂಡು ಆಲೆಟ್ಟಿಯ ತವರಿಗೆ ಹೋದೆ. ನಿನ್ನ ಅಪ್ಪ ನಿನ್ನ ಬೆನ್ನು ನೋಡಿ, ಎರಡು ದಿನ ಊಟ ಬಿಟ್ಟು, ಆಮೇಲೆ ಒಂದು ಮಾತು ಹೇಳಿ ಕಳಿಸಿದರು. ಅಳಿಯ ತನ್ನ ಮನೆಯ ದೈವದ ಕೋಣೆಯಲ್ಲಿ ಸಂಕ್ರಮಣದ ದಿನ ಮಿಂದು, ಒದ್ದೆ ಬಟ್ಟೆಯಲ್ಲಿ ನಿಂತು, ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳಿ, ಇನ್ನು ಕೈ ಎತ್ತುವುದಿಲ್ಲ ಎಂದು ಮಾತು ಕೊಟ್ಟು, ಅರಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ತಪ್ಪುಕಾಣಿಕೆ ಇಡಬೇಕು. ಗಂಧಪ್ರಸಾದ ಇಲ್ಲಿಗೆ ಬರಬೇಕು. ಬಂದರೆ ಮಗಳನ್ನು ಕಳಿಸುತ್ತೇವೆ, ಇಲ್ಲದಿದ್ದರೆ ಇಲ್ಲ.

ನಮ್ಮ ಕಡೆ ಇದಕ್ಕಿಂತ ದೊಡ್ಡ ಜಾಮೀನು ಇಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳುವವರೂ ದೈವದ ಮುಂದೆ ಸುಳ್ಳು ಹೇಳಲು ಹೆದರುತ್ತಾರೆ. ಕಾಣಿಕೆ ಬಿದ್ದ ಮೇಲೆ ಆ ವಿಷಯ ಮುಗಿಯಿತು, ಯಾರೂ ಅದನ್ನು ಮತ್ತೆ ಎತ್ತುವ ಹಾಗಿಲ್ಲ. ನಿನ್ನ ಅಪ್ಪ ಬುದ್ಧಿವಂತರು, ಮಗಳ ಬೆನ್ನು ಕಾಯಲು ಅವರಿಗೆ ಗೊತ್ತಿದ್ದ ಅತಿ ಗಟ್ಟಿಯಾದ ಬಾಗಿಲು ಅದು.

ಜಯರಾಮ ಒಪ್ಪಲಿಲ್ಲ. "ನಾನೆಂತ ತಪ್ಪು ಮಾಡಿದ್ದು? ನನ್ನ ಹೆಂಡತಿಗೆ ನಾನು ಹೊಡೆದದ್ದು. ಅವಳಪ್ಪ ಬೇಕಾದ್ರೆ ಇಟ್ಟುಕೊಳ್ಳಲಿ ಕಾಣಿಕೆ" ಎಂದ. ನಾನು ಎರಡು ಸಲ ಕೇಳಿದೆ. ಮೂರನೆಯ ಸಲ ಕೇಳಿದಾಗ ನಾನು ಅವನಿಗೆ ಗಂಜಿ ಬಡಿಸುತ್ತಿದ್ದೆ. ಅವನು ನನ್ನ ಕೈಯಿಂದ ಸೌಟು ಕಿತ್ತುಕೊಂಡು ನನ್ನ ಮಣಿಕಟ್ಟಿಗೆ ಬಡಿದ. ಬಿಸಿ ಗಂಜಿಯ ಸೌಟು. ಬಡಿದು ಮತ್ತೆ ಊಟ ಮುಂದುವರಿಸಿದ. ತಲೆ ಎತ್ತದೆ ಕೇಳಿದ – "ನೀನೂ ಹೋಗ್ತಿಯಾ? ಹೋಗು. ಎಲ್ಲಿಗೆ ಹೋಗ್ತಿ?"

ಅದೇ ಮೊದಲ ಸಲ ಅವನು ನನ್ನ ಮೇಲೆ ಕೈ ಮಾಡಿದ್ದು. ನೀನು ಮನೆಯಲ್ಲಿದ್ದಷ್ಟು ದಿನ ಮಾಡಿರಲಿಲ್ಲ.

ವಾರಿಜ, ಇಲ್ಲಿ ನನ್ನ ಕೈ ನಿಲ್ಲುತ್ತದೆ. ಕಾಣಿಕೆಯ ಸುಳ್ಳಿಗಿಂತ ಈ ಸಾಲು ಬರೆಯುವುದು ಕಷ್ಟ. ಆ ದಿನ ಕೈಗೆ ತಣ್ಣೀರು ಹೊಯ್ದುಕೊಳ್ಳುತ್ತಾ ನಾನು ಯೋಚಿಸಿದ್ದು ತಮ್ಮನ ಸಂಸಾರ ಉಳಿಯಲಿ ಎಂದಲ್ಲ. ಶೈಲನಿಗೆ ಅಪ್ಪ ಬೇಕು ಎಂದೂ ಅಲ್ಲ. ವಾರಿಜ ಬಾರದಿದ್ದರೆ ಈ ಮನೆಯಲ್ಲಿ ಇನ್ನು ನಾನೊಬ್ಬಳೇ – ಅದು ನನ್ನ ಯೋಚನೆ. ಆ ಕೈಗೆ ಒಬ್ಬರು ಬೇಕು. ಅದು ನಾನಾಗಬಾರದು. ಥೂ, ಎಂಥ ಹೆಂಗಸು ನಾನು! ಆದರೆ ಯೋಚಿಸಿದ್ದು ಅದನ್ನೇ.

ಸಂಕ್ರಮಣದ ಬೆಳಿಗ್ಗೆ ಅವನು ಸುಳ್ಯಕ್ಕೆ ಹೋಗಿದ್ದ. ನಾನು ಬಾವಿಕಟ್ಟೆಯಲ್ಲಿ ತಲೆಗೆ ನೀರು ಹೊಯ್ದುಕೊಂಡೆ. ದೈವದ ಕೋಣೆಯ ಹೊಸ್ತಿಲನ್ನು ಹೆಂಗಸರು ದಾಟುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಅಮ್ಮ ದಾಟಿದ್ದನ್ನು ನಾನು ಕಂಡಿಲ್ಲ. ಒದ್ದೆ ಸೀರೆಯಲ್ಲಿ ಆ ಹೊಸ್ತಿಲ ಮುಂದೆ ನಿಂತು ಸೆರಗು ಬಿಗಿದುಕೊಂಡೆ. ದಾಟಿದೆ. ಅರಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿದ್ದನ್ನು ಮಣೆಯ ಮೇಲೆ ಇಟ್ಟೆ. ಇನ್ನು ಹೇಳಬೇಕಾದದ್ದು ಏನು? 'ನಾನು ಹೊಡೆದೆ' ಎನ್ನಲೇ? ನಾನು ಹೊಡೆದಿಲ್ಲ. 'ಅವನು ಹೊಡೆದ' ಎಂದರೆ ಅದು ದೂರು, ತಪ್ಪೊಪ್ಪಿಗೆ ಅಲ್ಲ. ಕೊನೆಗೆ ಹೇಳಿದ್ದು ಇಷ್ಟು – "ಅವ ಸಣ್ಣದಿರುವಾಗ ತುಂಬಾ ಪೆಟ್ಟು ತಿಂದಿದ್ದಾನೆ. ನಿನಗೆ ಗೊತ್ತುಂಟು. ಅವನ ಬದಲಿಗೆ ನಾನು ಇಡ್ತೇನೆ."

ಆ ಕ್ಷಣದಲ್ಲಿ ನಾನು ಏನು ಮಾಡಿದೆ ಎಂದು ತಿಳಿಯಲು ನನಗೆ ಹದಿಮೂರು ವರ್ಷ ಬೇಕಾಯಿತು. ಅವನನ್ನು ಅರ್ಥ ಮಾಡಿಕೊಂಡದ್ದು ತಪ್ಪಲ್ಲ. ಅವನು ಹೀಗೆ ಯಾಕಾದ ಎಂದು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲ, ಬಲ್ಲವಳಾಗಿರುವುದಕ್ಕೆ ನಾನು ನಾಚುವುದೂ ಇಲ್ಲ. ಆದರೆ ಅವನೇ ಹೇಳಬೇಕಾದ 'ತಪ್ಪಾಯಿತು' ಎನ್ನುವ ಮಾತನ್ನು ಅವನ ಬಾಯಿಯಿಂದ ತೆಗೆದು ನಾನು ಹೇಳಿದೆನಲ್ಲ – ಅಲ್ಲಿಗೆ ಅರ್ಥ ಮಾಡಿಕೊಳ್ಳುವುದು ಮುಗಿದು ಬೇರೆ ಏನೋ ಶುರುವಾಯಿತು. ಅವನಿಗೆ ಒಂದು ಬಿಡುಗಡೆ ಚೀಟಿ ಬರೆದುಕೊಟ್ಟ ಹಾಗೆ. ಬೆಲೆ ಕೊಡಬೇಕಾದವಳು ನೀನು, ಮಾಫಿ ಮಾಡಿದವಳು ನಾನು. ಯಾರು ಕೊಟ್ಟರು ನನಗೆ ಆ ಅಧಿಕಾರ?

ಬಾಳೆಲೆಯಲ್ಲಿ ಗಂಧಪ್ರಸಾದ ಕಟ್ಟಿಕೊಂಡು ಅದೇ ಮಧ್ಯಾಹ್ನ ಆಲೆಟ್ಟಿಗೆ ಬಂದೆ. ನಿಮ್ಮ ಮನೆಯ ಚಾವಡಿಯಲ್ಲಿ ನಿನ್ನ ಅಪ್ಪ, ಅಮ್ಮ, ಕಂಬಕ್ಕೆ ಒರಗಿ ನೀನು. ಮೊದಲು ನಾನು ಪತ್ತಾಯದ ಕಥೆ ಹೇಳಿದೆ. ಅದುವರೆಗೆ ಹೊರಗಿನವರಿಗೆ ಹೇಳಿರಲಿಲ್ಲ. ಬಡಿಯುವ ಸದ್ದು, ತಲೆಯಲ್ಲಿ ಹೊಟ್ಟು, ಕಣ್ಣು ಬಿಟ್ಟರೂ ಒಂದೇ ಮುಚ್ಚಿದರೂ ಒಂದೇ – ಎಲ್ಲ ಹೇಳಿದೆ. ಚೆನ್ನಾಗಿಯೇ ಹೇಳಿದೆ, ಹೇಳುತ್ತಾ ನಿಜವಾಗಿ ಅತ್ತೆ. ನಿನ್ನ ಅಮ್ಮನೂ ಅತ್ತರು. ನೀನು ಅಳಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದೆ.

"ಅಕ್ಕ, ಕಾಣಿಕೆ ಇವರೇ ಇಟ್ಟದ್ದಾ? ನೀವು ಕಣ್ಣಾರೆ ನೋಡಿದ್ದೀರಾ?"

"ನೋಡಿದ್ದೇನೆ ಮಾರಾಯ್ತಿ. ಅವನೇ ಇಟ್ಟದ್ದು."

ನಿನ್ನ ಅಪ್ಪ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, "ಇನ್ನು ಎಂತ ಹೆದರಿಕೆ ಇಲ್ಲ ಮಗಾ, ಹೋಗು" ಎಂದರು. ನೀನು ನನ್ನ ಜೊತೆ ಬಂದೆ. ಬಸ್ಸಿನಲ್ಲಿ ಶೈಲ ನನ್ನ ಮಡಿಲಲ್ಲಿ ನಿದ್ದೆ ಮಾಡಿದಳು.

ಜಯರಾಮನಿಗೆ ನಾನೇ ವಿಷಯ ಹೇಳಿದೆ. ಎಲ್ಲಿಯಾದರೂ ಅವನ ಬಾಯಲ್ಲಿ ಬೇರೆ ಬಂದರೆ ಎಂದು ಹೆದರಿ. ಅವನು ನಕ್ಕ. "ಹುಷಾರಿ ಇದ್ದಿ ಅಕ್ಕ ನೀನು" ಎಂದ. ಆಮೇಲೆ "ಇದು ಗೊತ್ತಾದ್ರೆ ಊರವರು ನಿನ್ನನ್ನು ಎಂತ ಮಾಡಬಹುದು?" ಎಂದ. ತಮಾಷೆಯ ಸ್ವರದಲ್ಲೇ ಹೇಳಿದ್ದು. ಅವತ್ತಿನಿಂದ ನನ್ನ ಬಾಯಿಗೆ ಬೀಗ ಹಾಕಿ ಕೀಲಿಕೈಯನ್ನು ಅವನೇ ಇಟ್ಟುಕೊಂಡ.

ಒಂದು ವರ್ಷ ಸ್ವಲ್ಪ ಕಡಿಮೆ ಇತ್ತು. ಇರಲಿಲ್ಲವೋ, ನಾನು ನೋಡಲಿಲ್ಲವೋ – ನನ್ನ ಕಣ್ಣನ್ನು ನಾನೇ ನಂಬುವುದಿಲ್ಲ ಈಗ.

ಆಮೇಲೆ ಆ ದಿನ. ಹಾಡಹಗಲು, ಮಧ್ಯಾಹ್ನ ಮೂರು ಗಂಟೆ ಇರಬಹುದು. ನೀನು ತೋಡಿನಲ್ಲಿ ಬಟ್ಟೆ ಒಗೆಯಲು ಹೋಗಿದ್ದೆ. ಶೈಲನಿಗೆ ನಾಲ್ಕು ವರ್ಷ. ಅಂಗಳದಲ್ಲಿ ಒಣಗಿಸಲು ಹರಡಿದ್ದ ಬೇಯಿಸಿದ ಭತ್ತಕ್ಕೆ ಕೋಳಿ ಬಂದಿತ್ತು, ಅವಳು ಓಡಿಸಲಿಲ್ಲ. ಅಷ್ಟೇ. ನಾನು ಅಡುಗೆ ಮನೆಯಲ್ಲಿದ್ದೆ. ಮುಚ್ಚಳ ಬಿದ್ದ ಸದ್ದು ಕೇಳಿತು. ಆ ಸದ್ದನ್ನು ನಾನು ಮೂವತ್ತು ವರ್ಷದ ನಂತರ ಕೇಳಿದ್ದು. ಬಾಗಿಲ ಸಂದಿಯಿಂದ ನೋಡಿದೆ. ಅವನು ಪತ್ತಾಯದ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಮಾವ ಕೂರುತ್ತಿದ್ದ ಹಾಗೆಯೇ, ಒಂದು ಕಾಲು ಮಡಚಿ, ಒಂದು ಕಾಲು ಇಳಿಬಿಟ್ಟು. ಒಳಗಿನಿಂದ ಬಡಿಯುತ್ತಿತ್ತು. ಸಣ್ಣ ಕೈ, ಸಣ್ಣ ಸದ್ದು.

ಅವನು ತಲೆ ತಿರುಗಿಸಿ ನನ್ನನ್ನು ನೋಡಿದ. ಹುಬ್ಬು ಒಂದು ಚೂರು ಎತ್ತಿದ, ಅಷ್ಟೇ. ನಾನು ಒಳಗೆ ಹೋದೆ. ಹೋಗಿ – ಶೈಲ, ಮಗಳೇ, ನೀನು ಇದನ್ನು ಓದುತ್ತಿದ್ದರೆ ಇಲ್ಲಿ ನಿನ್ನ ಅತ್ತೆಯನ್ನು ಸರಿಯಾಗಿ ನೋಡಿಕೋ – ಹೋಗಿ ಕಡೆಯುವ ಕಲ್ಲಿನ ಮುಂದೆ ಕೂತೆ. ನೆನೆಹಾಕಿದ ಅಕ್ಕಿ ಇತ್ತು. ತಿರುಗಿಸಿದೆ. ಜೋರಾಗಿ ತಿರುಗಿಸಿದೆ.

ವಾರಿಜ, ನೀನು ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಬಂದದ್ದು, ಬುಟ್ಟಿ ನೆಲಕ್ಕೆ ಬಿದ್ದದ್ದು, ನೀನು ಕಿರುಚಿದ್ದು, ಅವನು ಎದ್ದು ನಿನ್ನ ಎಡ ಕೆನ್ನೆಗೆ ಬಾರಿಸಿದ್ದು – ಎಲ್ಲ ನನಗೆ ಕೇಳಿತು. ನೋಡಲಿಲ್ಲ, ಕೇಳಿತು. ಗಂಡಸು ಬೇಕಾಗುವ ಆ ಮುಚ್ಚಳವನ್ನು ನೀನು ಒಬ್ಬಳೇ ಎತ್ತಿದೆ. ನಾನು ಹೊರಗೆ ಬಂದಾಗ ನಿನ್ನ ಕಿವಿಯಿಂದ ರಕ್ತ ಇಳಿದು ರವಕೆಯ ತೋಳು ಒದ್ದೆಯಾಗಿತ್ತು. ಶೈಲ ನಿನ್ನ ಸೊಂಟದ ಮೇಲಿದ್ದಳು. ಕಣ್ಣು ಬಿಟ್ಟಿದ್ದಳು, ಅಳುತ್ತಿರಲಿಲ್ಲ. ಕೂದಲಿನಲ್ಲಿ ಹೊಟ್ಟು.

ನೀನು ಅಂಗಳ ದಾಟುವಾಗ ತಿರುಗಿ ನೋಡಿ ಹೇಳಿದೆ – "ಅಕ್ಕ, ಬನ್ನಿ. ನೀವೂ ಬನ್ನಿ ನನ್ನೊಟ್ಟಿಗೆ."

ನನ್ನನ್ನು ಕರೆದೆ! ನಿನಗೆ ಸುಳ್ಳು ಹೇಳಿ ಕರೆತಂದವಳನ್ನು ನೀನು ಕಿವಿಯಲ್ಲಿ ರಕ್ತ ಸುರಿಯುವಾಗಲೂ ಬಿಟ್ಟುಹೋಗಲು ಮನಸ್ಸು ಮಾಡಲಿಲ್ಲ. ನಾನು ಹೊಸ್ತಿಲಿನಲ್ಲೇ ನಿಂತೆ. ಬಸ್ಸು ಬಂತು, ಹೋಯಿತು.

ಅವತ್ತು ಕಡೆಯುವ ಕಲ್ಲಿನ ಮುಂದೆ ಕೂತು ನಾನು ಅರ್ಥ ಮಾಡಿಕೊಂಡ ಒಂದು ವಿಷಯ ಉಂಟು. ಅದನ್ನು ಇಷ್ಟು ವರ್ಷ ನನ್ನೊಳಗೇ ಒತ್ತಿಟ್ಟುಕೊಂಡೆ. ಆ ಪೆಟ್ಟಿಗೆಯೊಳಗೆ ಏನಿದೆ ಎಂದು ಈ ಲೋಕದಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಎಷ್ಟು ಕತ್ತಲೆ, ಉಸಿರು ಹೇಗೆ ಕಟ್ಟುತ್ತದೆ, ಬಡಿದು ಬಡಿದು ಕೈ ಹೇಗೆ ಸೋಲುತ್ತದೆ. ಗೊತ್ತಿದ್ದೇ ಹಾಕಿದ. ಅವನ ಬಾಲ್ಯ ನನಗೆ ಅವನ ಸಿಟ್ಟು ಎಲ್ಲಿಂದ ಬಂತೆಂದು ಹೇಳುತ್ತದೆ, ಒಪ್ಪಿದೆ. ಆದರೆ ಅದೇ ಬಾಲ್ಯ, ಅವನಿಗೆ ತಿಳಿಯದೆ ಆಯಿತು ಎನ್ನುವ ಮಾತನ್ನೂ ಸುಳ್ಳು ಮಾಡುತ್ತದೆ. ಮಾವನಿಗಾದರೂ ಒಳಗೆ ಏನಾಗುತ್ತದೆಂದು ಗೊತ್ತಿರಲಿಲ್ಲವೋ ಏನೋ. ಇವನಿಗೆ ಗೊತ್ತಿತ್ತು.

ಎಂಟು ದಿನ ಬಿಟ್ಟು ಅವನು ನನ್ನನ್ನು ಕರೆದುಕೊಂಡು ಆಲೆಟ್ಟಿಗೆ ಬಂದ. ಬಿಳಿ ಅಂಗಿ, ಬಿಳಿ ಮುಂಡು, ಹಣೆಗೆ ಗಂಧ. ಮಗುವನ್ನು ಸುಮ್ಮನೆ ಹೆದರಿಸಲು ಕೂರಿಸಿದ್ದು, ವಾರಿಜ ಜಾರಿ ಬಿದ್ದು ಕಿವಿಗೆ ಪೆಟ್ಟು ಮಾಡಿಕೊಂಡದ್ದು ಎಂದ. ಆಮೇಲೆ ನಿನ್ನ ಅಪ್ಪನ ಮುಂದೆ ಎದ್ದು ನಿಂತು ಎರಡೂ ಕೈ ಚಾಚಿದ. "ನಾನು ದೈವಕ್ಕೆ ಮಾತು ಕೊಟ್ಟವ. ಮಾತು ತಪ್ಪಿದ್ರೆ ನಾನು ಹೀಗೆ ಗಟ್ಟಿಮುಟ್ಟು ನಿಲ್ತಿದ್ದೆನಾ ಮಾವ? ನೀವೇ ಹೇಳಿ."

ಆ ನ್ಯಾಯವನ್ನು ದಾಟುವ ಧೈರ್ಯ ನಮ್ಮವರಲ್ಲಿ ಯಾರಿಗಿದೆ? ಕಾಣಿಕೆ ಇಟ್ಟು ಮಾತು ಮುರಿದವನಿಗೆ ಏನಾದರೂ ಆಗಲೇಬೇಕು. ಇವನಿಗೆ ಆಗಿಲ್ಲ. ಹಾಗಾದರೆ ಮುರಿದಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವವಳು ವಾರಿಜ. ನಿನ್ನ ಅಪ್ಪ ನನ್ನ ಕಡೆ ತಿರುಗಿದರು. "ಯಮುನಕ್ಕ, ನೀವು ಹೇಳಿ. ಕಾಣಿಕೆ ಇವರೇ ಇಟ್ಟದ್ದು ಹೌದಲ್ಲ?"

ಒಂದು ಮಾತು ಸಾಕಿತ್ತು. 'ಅಲ್ಲ' ಎಂದಿದ್ದರೆ ಎಲ್ಲ ಬಿಚ್ಚಿಕೊಳ್ಳುತ್ತಿತ್ತು. ಅವನು ಕೊಡದ ಮಾತನ್ನು ಮುರಿದದ್ದಕ್ಕೆ ದೈವ ಯಾಕೆ ಮುನಿಯುತ್ತದೆ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ನೀನು ಬಲಕಿವಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಕಾದು ಕೂತಿದ್ದೆ. ಅವನು ನನ್ನ ಪಕ್ಕದಲ್ಲೇ ಇದ್ದ, ಅವನ ತೋಳು ನನ್ನ ತೋಳಿಗೆ ತಾಗುತ್ತಿತ್ತು.

"ಹೌದು" ಎಂದೆ.

ನಿನ್ನ ಅಪ್ಪ ಎದ್ದು ನಿಂತರು. ದೈವದ ಮುಂದೆ ಮುಗಿದ ವಿಷಯವನ್ನು ಮುರಿದು ಬಂದವಳನ್ನು ಮನೆಯಲ್ಲಿ ಇಟ್ಟುಕೊಂಡರೆ ದೋಷ ನಮಗೆ ಬರುತ್ತದೆ, ಗಂಡನ ಜೊತೆ ಹೋಗು ಎಂದರು. ನೀನು ಅವನ ಜೊತೆ ಬರಲಿಲ್ಲ. ಮಗುವನ್ನು ಎತ್ತಿಕೊಂಡು ಪುತ್ತೂರಿನ ಬಸ್ಸು ಹತ್ತಿದೆ. ಯಾವ ಧೈರ್ಯದಲ್ಲಿ ಹತ್ತಿದೆಯೋ. ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಕೆಲಸಕ್ಕೆ ಸೇರಿದೆ ಎಂದು ಆಮೇಲೆ ಕೇಳಿ ಗೊತ್ತಾಯಿತು. ನಿನ್ನ ಅಪ್ಪ ತೀರಿಕೊಂಡಾಗ ನೀನು ಅಂಗಳದಲ್ಲೇ ನಿಂತು ಹೋದದ್ದೂ ಕೇಳಿದೆ.

ಒಂದು ಸಲ ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮಿಬ್ಬರನ್ನು ಕಂಡೆ. ಶೈಲ ಶಾಲೆಯ ಬಟ್ಟೆಯಲ್ಲಿದ್ದಳು. ಅವಳು ಏನೋ ಹೇಳಿದಾಗ ನೀನು ಇಡೀ ಮುಖವನ್ನು ತಿರುಗಿಸಿ ಬಲಕಿವಿ ಕೊಟ್ಟು ಕೇಳಿದೆ. ಎಡಕಿವಿ ಹೋಯಿತೆಂದು ಹಾಗೆ ನನಗೆ ಗೊತ್ತಾದದ್ದು. ನಾನು ಕಂಬದ ಹಿಂದೆ ನಿಂತೆ, ನಿಮ್ಮ ಬಸ್ಸು ಹೋಗುವವರೆಗೆ. ಅವನಿಗೆ ಹೆದರಿ ಹೆದರಿ ಸಾಕಾಗಿದ್ದವಳು ಈಗ ನಿನಗೂ ಹೆದರಿದೆ.

ಇಷ್ಟೆಲ್ಲ ಈಗ ಯಾಕೆ ಬರೆಯುತ್ತೇನೆ ಎಂದು ನೀನು ಕೇಳಬಹುದು. ಹೇಳುತ್ತೇನೆ. ಅವನು ನಿನ್ನನ್ನು ಕರೆಯುತ್ತಿದ್ದಾನೆ.

ನೋಡಲು ಬಂದ ನೆಂಟರೆಲ್ಲ ಅದನ್ನೇ ಹೇಳುತ್ತಾರೆ. "ಪಾಪ, ಅನುಭವಿಸಿದ. ಇನ್ನು ಹೆಂಡತಿ ಬಂದು ಒಂದು ತೊಟ್ಟು ನೀರು ಕೊಡಲಿ. ಹೇಗೂ ಇವ ಸಣ್ಣದಿರುವಾಗ ಪಟ್ಟ ಪಾಡು ಎಂತದ್ದು!" ನಾನು ಆಲೆಟ್ಟಿಯಲ್ಲಿ ಹೇಳಿದ ಕಥೆ ಊರೆಲ್ಲ ಸುತ್ತಿ ಬಂದು ಈಗ ಅವರ ಬಾಯಲ್ಲಿದೆ. ಕಳೆದ ವಾರ ಗಂಜಿ ಕುಡಿಸುವಾಗ ಅವನೇ ಹೇಳಿದ. ಮಾತು ತೊದಲುತ್ತದೆ, ಆದರೆ ನನಗೆ ಅರ್ಥವಾಗುತ್ತದೆ.

"ವಾರಿಜನ ಹತ್ರ ಹೋಗು. ಪತ್ತಾಯದ್ದು ಹೇಳು. ಆಗ ಬರ್ಲಿಲ್ವಾ? ಈಗ್ಲೂ ಬರ್ತಾಳೆ."

ಚಮಚ ನನ್ನ ಕೈಯಲ್ಲೇ ಉಳಿಯಿತು. ಆ ಮಗುವಿನ ನೋವನ್ನು ಅವನೇ ಈಗ ನನ್ನ ಕೈಗೆ ಕೊಡುತ್ತಿದ್ದಾನೆ, ನಿನ್ನನ್ನು ಎಳೆದು ತರಲು ಹಗ್ಗದ ಹಾಗೆ. ಅದನ್ನು ಹಾಗೆ ಬಳಸಲು ಕಲಿಸಿದವಳು ನಾನೇ. 'ತಪ್ಪಾಯಿತು' ಎಂಬ ಮಾತು ಮಾತ್ರ ಇವತ್ತಿನವರೆಗೂ ಆ ಬಾಯಿಂದ ಬಂದಿಲ್ಲ.

ನಾನು ಅವನಿಗೆ ಗಂಜಿ ಕುಡಿಸುತ್ತೇನೆ, ಬೆನ್ನು ಒರೆಸುತ್ತೇನೆ, ಮಲ ಮೂತ್ರ ತೆಗೆಯುತ್ತೇನೆ. ಅದು ನಾನು ಹೊಟ್ಟು ಹೆಕ್ಕಿದ ಆ ತಲೆಗೆ ನನ್ನ ಲೆಕ್ಕ, ನಿನ್ನದಲ್ಲ. ಅವನ ಎಡಗೈ ಇನ್ನೂ ಆಡುತ್ತದೆ. ಲೋಟ ತೆಗೆದುಕೊಳ್ಳಲು ಆ ಕೈ ಎತ್ತಿದರೆ ಈಗಲೂ ನನ್ನ ಕುತ್ತಿಗೆ ತಾನಾಗಿ ಹಿಂದೆ ಸರಿಯುತ್ತದೆ.

ನನ್ನ ಹೆದರಿಕೆಯ ಕಥೆಯನ್ನು ಇಷ್ಟುದ್ದ ಹೇಳಿ, ಅವನ ಬಾಲ್ಯವನ್ನು ಮುಂದಿಟ್ಟ ಹಾಗೆಯೇ ನನ್ನದನ್ನೂ ಮುಂದಿಡುತ್ತಿದ್ದೇನೋ ಏನೋ. ನಾನೂ ಅದೇ ಮನೆಯಲ್ಲಿ ಬೆಳೆದವಳು, ಹೌದು. ಆದರೆ ನಿಮ್ಮ ಚಾವಡಿಯಲ್ಲಿ 'ಹೌದು' ಎಂದ ಬಾಯಿ ಮಾವನದ್ದಲ್ಲ, ತಮ್ಮನದ್ದಲ್ಲ. ನಾನು ಯಾಕೆ ಹಾಗೆ ಮಾಡಿದೆ ಎಂದು ನಿನಗೆ ಅರ್ಥವಾದರೆ ಆಗಲಿ. ಅರ್ಥವಾಯಿತೆಂದು ನನ್ನನ್ನು ಬಿಟ್ಟುಬಿಡಬೇಡ.

ನಾಡಿದ್ದು ಸೋಮವಾರ ಬೆಳಗ್ಗಿನ ಬಸ್ಸಿಗೆ ಆಲೆಟ್ಟಿಗೆ ಹೋಗುತ್ತೇನೆ. ನಿನ್ನ ಅಮ್ಮನ ಮುಂದೆ, ಈಗ ಆ ಮನೆ ನೋಡಿಕೊಳ್ಳುವ ನಿನ್ನ ಅಣ್ಣನ ಮುಂದೆ, ಅದೇ ಚಾವಡಿಯಲ್ಲಿ ನಿಂತು ಕಾಣಿಕೆ ಇಟ್ಟವಳು ನಾನು ಎಂದು ಹೇಳುತ್ತೇನೆ. ನಿನ್ನ ಅಪ್ಪನಿಗೆ ಹೇಳಲು ತಡವಾಯಿತು. ಊರವರು ನನ್ನನ್ನು ಏನು ಮಾಡುತ್ತಾರೋ ಮಾಡಲಿ. ಮತ್ತೆ ನೀನು – ನೀನು ಬರಬೇಡ. ಅವನು ಸತ್ತರೂ ಬರಬೇಕೆಂದಿಲ್ಲ. ಯಾರಾದರೂ ನಿನ್ನ ಬಾಗಿಲಿಗೆ ಬಂದು ಅವನು ಸಣ್ಣದಿರುವಾಗ ಪಟ್ಟ ಕಷ್ಟ ಹೇಳಿದರೆ, ಅದನ್ನೆಲ್ಲ ಕಣ್ಣಾರೆ ಕಂಡ ಯಮುನಕ್ಕನೇ ಬರಬೇಡ ಎಂದಿದ್ದಾಳೆ ಎಂದು ಹೇಳಿ ಬಾಗಿಲು ಹಾಕಿಕೋ.

ಇಲ್ಲಿಯವರೆಗೆ ಬರೆದು, ಅಂಚೆಗೆ ಹಾಕುವ ಮೊದಲು ಅವನಿಗೂ ತಿಳಿಯಲಿ ಎಂದು ಒಳಗೆ ಹೋಗಿ ಮಂಚದ ಪಕ್ಕ ಸ್ಟೂಲು ಹಾಕಿ ಕೂತೆ. ಮೊದಲ ಸಾಲಿನಿಂದ ಗಟ್ಟಿಯಾಗಿ ಓದಿದೆ. ಅವನು ಸೂರು ನೋಡುತ್ತಿದ್ದ. ಆಲೆಟ್ಟಿಯ ಚಾವಡಿಯ ಮಾತು ಬಂದಾಗ ಎಡಗೈ ಎತ್ತಿದ. ಒಂದು ಸಾಲು ಎರಡು ಸಲ ಓದಿದೆ. ಆದರೆ ನಾನು ಸ್ಟೂಲು ಹಿಂದೆ ಸರಿಸಲಿಲ್ಲ. ಹೆದರಿಕೊಂಡೇ, ವಾರಿಜ, ಕೊನೆಯ ಸಾಲಿನವರೆಗೂ ಓದಿದೆ.